ವೈದ್ಯರ ಪಕ್ಕದಲ್ಲಿ ನಿಲ್ಲುವವರು

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶಗಳು ಬಂದ ಬಳಿಕದ ಭಾನುವಾರಗಳಲ್ಲಿ, ಪೂಜೆ ಮುಗಿದು ಜನರು ಚರ್ಚ್ ಅಂಗಳಕ್ಕೆ ಇಳಿಯುತ್ತಿದ್ದಂತೆ ಕೇಳಿಬರುವ ಪ್ರಶ್ನೆ ಒಂದೇ: ಮಗ ಮುಂದೇನು ಮಾಡುತ್ತಾನೆ, ಮಗಳನ್ನು ಯಾವುದಕ್ಕೆ ಸೇರಿಸಿದಿರಿ? ಇಂಜಿನಿಯರಿಂಗ್ ಎಂದಾದರೆ ಉತ್ತರ ಗಟ್ಟಿಯಾಗಿ ಬರುತ್ತದೆ. ಎಂಬಿಬಿಎಸ್ ಎಂದಾದರೆ ಪ್ರಶ್ನೆ ಕೇಳುವ ಮೊದಲೇ ಬರುತ್ತದೆ. ಲ್ಯಾಬ್ ಟೆಕ್ನೀಶಿಯನ್, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಎಂದಾದರೆ ಮಾತ್ರ ತಂದೆಯ ಧ್ವನಿ ತಗ್ಗುತ್ತದೆ. "ಏನು ಮಾಡುವುದು, ಮೆಡಿಕಲ್ ಸಿಗಲಿಲ್ಲ, ಇದಕ್ಕೆ ಹಾಕಿದೆವು" ಎನ್ನುತ್ತಾರೆ. ಪಕ್ಕದಲ್ಲಿಯೇ ನಿಂತಿರುವ ಮಗಳು ಅದನ್ನು ಕೇಳಿಸಿಕೊಳ್ಳುತ್ತಾಳೆ. ಈ ತಗ್ಗಿದ ಧ್ವನಿಯ ಕುರಿತು ಈ ವಾರ ನಾಲ್ಕು ಮಾತು ಬರೆಯಬೇಕೆಂದು ನಮಗೆ ಅನ್ನಿಸಿದೆ.

ವೈದ್ಯರಿಗೆ ನೆರವಾಗುವ ವೃತ್ತಿಗಳು ವೈದ್ಯರಾಗಲು ಆಗದವರಿಗೆ ಉಳಿದ ಎಂಜಲಲ್ಲ. ಅವು ಸ್ವತಂತ್ರವಾದ ವಿದ್ಯೆಗಳು, ಮಾನದ ಜೀವನೋಪಾಯಗಳು. ಕ್ರೈಸ್ತ ಕುಟುಂಬಗಳ ಮಟ್ಟಿಗಂತೂ ಅವು ನಮ್ಮ ಧರ್ಮಸಭೆಯ ಅತ್ಯಂತ ಹಳೆಯ ಕೆಲಸದ ಮುಂದುವರಿಕೆಯಾಗಿವೆ. ಇದನ್ನು ನಾವು ಭಾವುಕತೆಯಿಂದ ಹೇಳುತ್ತಿಲ್ಲ. ಆ ವೃತ್ತಿಗಳ ಕಷ್ಟಗಳನ್ನೂ, ನಮ್ಮವರೇ ನಡೆಸುವ ಸಂಸ್ಥೆಗಳಲ್ಲಿನ ಕೊರತೆಗಳನ್ನೂ ಮರೆಮಾಚುವ ಉದ್ದೇಶ ನಮಗಿಲ್ಲ.

ಹಿರಿಯ ಓದುಗರಿಗೆ ಕಂಪೌಂಡರ್ ಎಂಬ ಶಬ್ದ ನೆನಪಿರಬಹುದು. ಊರಿನ ದವಾಖಾನೆಯಲ್ಲಿ ವೈದ್ಯರು ಚೀಟಿ ಬರೆದುಕೊಟ್ಟರೆ, ಒಳಗಿನ ಕಿಂಡಿಯಲ್ಲಿ ಕುಳಿತು ಗುಲಾಬಿ ಬಣ್ಣದ ಮಿಕ್ಸ್‌ಚರನ್ನು ಬಾಟಲಿಗೆ ತುಂಬಿ, ಎಷ್ಟು ಹೊತ್ತಿಗೆ ಎಷ್ಟು ಎಂಬುದನ್ನು ತೋರಿಸಲು ಕಾಗದದ ಪಟ್ಟಿಯನ್ನು ಕತ್ತರಿಸಿ ಅಂಟಿಸಿಕೊಡುತ್ತಿದ್ದವರು ಅವರು. ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದವರೂ ಅವರೇ. ವೈದ್ಯರು ಇಂಗ್ಲಿಷ್ ಬೆರೆಸಿ ಹೇಳಿದ್ದನ್ನು ತುಳುವಿನಲ್ಲೋ ಕೊಂಕಣಿಯಲ್ಲೋ ಅಜ್ಜಿಗೆ ತಿಳಿಯುವಂತೆ ಹೇಳುತ್ತಿದ್ದವರೂ ಅವರೇ. ವೈದ್ಯರಿಗೆ ವರ್ಗವಾಗಿ ಹೊಸಬರು ಬಂದರೂ ಕಂಪೌಂಡರ್ ಇದ್ದಾರೆಂಬ ಧೈರ್ಯದಿಂದ ಜನ ಅದೇ ದವಾಖಾನೆಗೆ ಹೋಗುತ್ತಿದ್ದರು. ಕಾಲ ಬದಲಾಗಿ ಆ ಒಬ್ಬ ಮನುಷ್ಯನ ಕೆಲಸ ಇಂದು ಹತ್ತಾರು ವೃತ್ತಿಗಳಾಗಿ ಒಡೆದಿದೆ. ಔಷಧ ಕೊಡುವವರು ಬೇರೆ, ರಕ್ತ ತೆಗೆಯುವವರು ಬೇರೆ, ಚಿತ್ರ ತೆಗೆಯುವವರು ಬೇರೆ, ಶಸ್ತ್ರಕ್ರಿಯೆಯ ಕೊಠಡಿಯನ್ನು ಸಜ್ಜುಗೊಳಿಸುವವರು ಬೇರೆ. ಅಮೆರಿಕದಲ್ಲಿ ಮೆಡಿಕಲ್ ಅಸಿಸ್ಟೆಂಟ್ ಎಂಬ ಹೆಸರಿನ ವೃತ್ತಿಯೇ ಇದೆ. ಅಲ್ಲಿನ ಕ್ಲಿನಿಕ್ಕಿನಲ್ಲಿ ರೋಗಿಯ ಹೆಸರು ಬರೆದುಕೊಳ್ಳುವುದರಿಂದ ಹಿಡಿದು ರಕ್ತದೊತ್ತಡ ನೋಡಿ ವೈದ್ಯರ ಮುಂದೆ ಕೂರಿಸುವವರೆಗೆ ಅವರದೇ ಪಾರುಪತ್ಯ; ನಮ್ಮ ಹಳೆಯ ಕಂಪೌಂಡರ್ ಅಲ್ಲಿ ಬೇರೆ ವೇಷದಲ್ಲಿ ಇದ್ದಾನೆಂದೇ ತಿಳಿಯಬಹುದು.

ಈ ಕೆಲಸಗಳ ಒಳಗನ್ನು ನೋಡದವರಿಗೆ ಅವು ಯಂತ್ರದ ಗುಂಡಿ ಒತ್ತುವ ಕೆಲಸಗಳೆಂದು ತೋರುತ್ತವೆ. ಪ್ರಯೋಗಾಲಯವನ್ನೇ ತೆಗೆದುಕೊಳ್ಳೋಣ. ಜ್ವರದಿಂದ ಬಳಲಿದ ಮಗುವಿನ ಸಣ್ಣ ಕೈಯಲ್ಲಿ ನರ ಹುಡುಕಿ, ಒಂದೇ ಚುಚ್ಚುವಿಕೆಯಲ್ಲಿ ರಕ್ತ ತೆಗೆಯುವುದು ಅಭ್ಯಾಸದಿಂದ ಬರುವ ಕೈಚಳಕ. ಆ ರಕ್ತವನ್ನು ಯಾವ ಪರೀಕ್ಷೆಗೆ ಯಾವ ಬಣ್ಣದ ಮುಚ್ಚಳದ ನಳಿಕೆಗೆ ತುಂಬಬೇಕು, ಮೊದಲು ಯಾವುದಕ್ಕೆ, ಅನಂತರ ಯಾವುದಕ್ಕೆ ಎಂಬ ಕ್ರಮವಿದೆ. ಕ್ರಮ ತಪ್ಪಿದರೆ ಒಂದು ನಳಿಕೆಯ ರಾಸಾಯನಿಕ ಇನ್ನೊಂದಕ್ಕೆ ಸೇರಿ ಫಲಿತಾಂಶವೇ ಸುಳ್ಳಾಗುತ್ತದೆ. ಹೆಸರಿನ ಚೀಟಿ ಅದಲುಬದಲಾದರೆ ಒಬ್ಬರ ಕಾಯಿಲೆಗೆ ಇನ್ನೊಬ್ಬರು ಔಷಧ ನುಂಗಬೇಕಾದೀತು. ರಕ್ತ ಕೊಡುವ ಸಂದರ್ಭವಾದರೆ ಪ್ರಾಣವೇ ಹೋದೀತು. ವೈದ್ಯರು ತೀರ್ಮಾನ ಮಾಡುವುದು ಒಂದು ಕಾಗದದ ಮೇಲಿನ ಅಂಕಿಗಳನ್ನು ನಂಬಿ. ಆ ಅಂಕಿಗಳ ಹಿಂದೆ ಇರುವವನ ಹೆಸರು ರೋಗಿಗೆ ಗೊತ್ತಿರುವುದಿಲ್ಲ. 2020ರ ಕೊರೋನಾ ಕಾಲದಲ್ಲಿ ಮೂಗು ಗಂಟಲಿನ ದ್ರವ ತೆಗೆದು ರಾತ್ರಿ ಹಗಲು ಪರೀಕ್ಷೆ ನಡೆಸಿದವರು ಇವರು. ಆ ವರ್ಷದ ಮಾರ್ಚ್ 22ರ ಸಂಜೆ ನಾವೆಲ್ಲ ಮನೆಯ ಹೊರಗೆ ನಿಂತು ಚಪ್ಪಾಳೆ ತಟ್ಟಿದ್ದೆವು. ಅದಾದ ಮೇಲೆ ಎಷ್ಟು ಮಂದಿ ತಮ್ಮ ಮಗ ಈ ಕೆಲಸ ಕಲಿಯಲಿ ಎಂದು ಬಯಸಿದೆವು?

ಡಯಾಲಿಸಿಸ್ ವಿಭಾಗದ ಸ್ಥಿತಿ ಇನ್ನೂ ಬೇರೆ. ಮೂತ್ರಪಿಂಡ ಸಂಪೂರ್ಣ ಕೈಕೊಟ್ಟವರು ಸಾಮಾನ್ಯವಾಗಿ ವಾರಕ್ಕೆ 3 ಬಾರಿ, ಪ್ರತಿ ಬಾರಿ ಸುಮಾರು 4 ಗಂಟೆ ಯಂತ್ರಕ್ಕೆ ಅಂಟಿಕೊಂಡು ಮಲಗಬೇಕು. ಹಾಗೆ ಲೆಕ್ಕ ಹಾಕಿದರೆ ವರ್ಷಕ್ಕೆ 150ಕ್ಕೂ ಹೆಚ್ಚು ಬಾರಿ. ಖರ್ಚಿಗೆ ಹೆದರಿ ಎರಡೇ ಬಾರಿ ಬರುವವರೂ ನಮ್ಮಲ್ಲಿ ಇದ್ದಾರೆ. ವೈದ್ಯರು ಬಂದು ನೋಡಿ ಹೋಗುತ್ತಾರೆ. ಆದರೆ ಬಂದೊಡನೆ ತೂಕ ನೋಡುವವನು, ಮೈಯಲ್ಲಿ ಎಷ್ಟು ನೀರು ಸೇರಿದೆಯೆಂದು ಲೆಕ್ಕ ಹಾಕುವವನು, ತೋಳಿನ ರಕ್ತನಾಳಕ್ಕೆ ದಪ್ಪ ಸೂಜಿ ಏರಿಸುವವನು, ನಡುವೆ ರಕ್ತದೊತ್ತಡ ಕುಸಿದು ರೋಗಿ ಬೆವರತೊಡಗಿದಾಗ ಕ್ಷಣದಲ್ಲಿ ಯಂತ್ರದ ವೇಗ ತಗ್ಗಿಸಿ ಕಾಲನ್ನು ಎತ್ತಿ ಹಿಡಿಯುವವನು ಡಯಾಲಿಸಿಸ್ ಟೆಕ್ನೀಶಿಯನ್. ಯಂತ್ರಕ್ಕೆ ಹೋಗುವ ನೀರು ಶುದ್ಧವಾಗಿದೆಯೇ ಎಂಬುದರ ಹೊಣೆಯೂ ಬಹುಪಾಲು ಅವನದೇ. ವರ್ಷಗಟ್ಟಲೆ ಹೀಗೆ ಬರುವ ರೋಗಿಗೂ ಅವನಿಗೂ ನಡುವೆ ಬೆಳೆಯುವ ಬಾಂಧವ್ಯ ಬೇರೆ ಯಾವ ಉದ್ಯೋಗದಲ್ಲಿಯೂ ಸುಲಭವಾಗಿ ಸಿಗುವಂಥದಲ್ಲ. ರೋಗಿಯ ಮಗಳ ಮದುವೆಯ ಮಾತು, ಮಾರಬೇಕಾದ ತೋಟದ ಮಾತು, ಸಾವಿನ ಭಯ, ಎಲ್ಲವೂ ಆ ನಾಲ್ಕು ಗಂಟೆಗಳಲ್ಲಿ ಅವನ ಕಿವಿಗೆ ಬೀಳುತ್ತವೆ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಆರಂಭಿಸಿ ಜಿಲ್ಲಾ ಆಸ್ಪತ್ರೆಗಳಿಗೂ ಈ ಯಂತ್ರಗಳನ್ನು ತಂದಿತು. ಯಂತ್ರಗಳನ್ನು ಹಣ ಕೊಟ್ಟು ತರಬಹುದು. ನಡೆಸಲು ಕಲಿತ ಕೈಗಳು ಬೇಕು.

ಶಸ್ತ್ರಕ್ರಿಯೆಯ ಕೊಠಡಿ, ಎಕ್ಸ್‌ರೇ ವಿಭಾಗ, ಕಣ್ಣಿನ ವಿಭಾಗಗಳ ಬಗ್ಗೆಯೂ ಹೀಗೆಯೇ ಬರೆಯಬಹುದು. ಸ್ಥಳದ ಅಭಾವದಿಂದ ಬಿಡುತ್ತೇವೆ. ಆದರೆ 108 ಆಂಬ್ಯುಲೆನ್ಸಿನಲ್ಲಿ ಚಾಲಕನ ಹಿಂದೆ ರೋಗಿಯ ಪಕ್ಕದಲ್ಲಿ ಕುಳಿತಿರುವ ತರಬೇತಾದ ಯುವಕ ಅಥವಾ ಯುವತಿಯನ್ನು ಮರೆಯುವಂತಿಲ್ಲ. 2008ರಲ್ಲಿ ಆರೋಗ್ಯ ಕವಚ ಎಂಬ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ ಈ ಸೇವೆ ಆರಂಭವಾದ ಮೇಲೆ, ಘಾಟಿಯ ರಸ್ತೆಯಲ್ಲಿ ವಾಹನದಲ್ಲಿಯೇ ಹೆರಿಗೆಯಾದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಬಂದಿದ್ದೇವೆ. ಆ ಹೆರಿಗೆಯನ್ನು ಮಾಡಿಸಿದವರು ವೈದ್ಯರಲ್ಲ.

ಶುಭಸಂದೇಶವನ್ನು ಬರೆದ ಸಂತ ಲೂಕರು ವೈದ್ಯರೆಂಬುದು ಸಂಪ್ರದಾಯ. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಅವರನ್ನು ಪ್ರಿಯ ವೈದ್ಯನೆಂದೇ ಕರೆದಿದ್ದಾರೆ. ದಯಾಳು ಸಮಾರಿಯದವನ ಸಾಮತಿ ಇರುವುದು ಲೂಕರ ಶುಭಸಂದೇಶವೊಂದರಲ್ಲಿಯೇ. ವೈದ್ಯರೇ ಬರೆದ ಆ ಕಥೆಯಲ್ಲಿ ವೈದ್ಯರಿಲ್ಲ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಜೆರಿಕೋ ದಾರಿಯಲ್ಲಿ ಬಿದ್ದಿದ್ದವನ ಬಳಿಗೆ ಬಂದ ಸಮಾರಿಯದವನು ಗಾಯಗಳಿಗೆ ಎಣ್ಣೆ ಮತ್ತು ದ್ರಾಕ್ಷಾರಸವನ್ನು ಹಚ್ಚಿ ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಒಯ್ದ. ರಾತ್ರಿ ಆರೈಕೆ ಮಾಡಿದ. ಮರುದಿನ ಖರ್ಚಿಗೆ ಹಣ ಕೊಟ್ಟು, ಹಿಂದಿರುಗುವಾಗ ಉಳಿದುದನ್ನು ವಿಚಾರಿಸುವುದಾಗಿ ಹೇಳಿ ಹೋದ. ಪ್ರಥಮ ಚಿಕಿತ್ಸೆ, ಸಾಗಾಟ, ರಾತ್ರಿ ಪಾಳಿ, ಲೆಕ್ಕಪತ್ರ, ಮರುಭೇಟಿ: ಇಂದಿನ ಆಸ್ಪತ್ರೆಯ ಸಹಾಯಕ ಸಿಬ್ಬಂದಿಯ ಕೆಲಸಗಳೆಲ್ಲ ಅದರಲ್ಲಿವೆ. ಪಾರ್ಶ್ವವಾಯು ಬಡಿದವನನ್ನು ಮಾಡಿನ ಹೆಂಚು ತೆಗೆದು ಪ್ರಭು ಯೇಸುವಿನ ಮುಂದೆ ಇಳಿಸಿದ ನಾಲ್ವರ ಹೆಸರು ಯಾರಿಗೂ ತಿಳಿಯದು. ಸಂತ ಮಾರ್ಕರು ಅವರು ನಾಲ್ವರಿದ್ದರೆಂದಷ್ಟೇ ಹೇಳುತ್ತಾರೆ. ಪ್ರಭು ಮೆಚ್ಚಿದ್ದು ಮಲಗಿದ್ದವನೊಬ್ಬನ ವಿಶ್ವಾಸವನ್ನಲ್ಲ, ಹೊತ್ತು ತಂದವರ ವಿಶ್ವಾಸವನ್ನೂ.

ಸಂತರ ಪಟ್ಟಿಯಲ್ಲಿಯೂ ಇಂಥವರು ಕಡಮೆಯಿಲ್ಲ. 1550ರಲ್ಲಿ ಇಟಲಿಯಲ್ಲಿ ಹುಟ್ಟಿದ ಸಂತ ಕಮಿಲ್ಲಸರು ಯೌವನದಲ್ಲಿ ಸೈನಿಕರು, ಜೂಜುಕೋರರು. ಕಾಲಿನ ವಾಸಿಯಾಗದ ಹುಣ್ಣಿನ ದೆಸೆಯಿಂದ ರೋಮಿನ ಸಂತ ಯಾಕೋಬರ ಆಸ್ಪತ್ರೆ ಸೇರಿ, ಚಿಕಿತ್ಸೆಯ ಜೊತೆಗೆ ಅಲ್ಲಿಯೇ ಆಳಾಗಿ ದುಡಿದವರು. ಅಂದಿನ ಆಸ್ಪತ್ರೆಗಳಲ್ಲಿ ಕೂಲಿಯವರು ರೋಗಿಗಳನ್ನು ನಡೆಸಿಕೊಳ್ಳುತ್ತಿದ್ದ ರೀತಿ ಕಂಡು ನೊಂದು, ರೋಗಿಗಳ ಸೇವೆಗಾಗಿಯೇ ಒಂದು ಸಂಘವನ್ನು ಕಟ್ಟಿದರು. ಆ ಸಂಘದವರು ಎದೆಯ ಮೇಲೆ ಕೆಂಪು ಶಿಲುಬೆ ಧರಿಸತೊಡಗಿದ್ದು 1586ರಲ್ಲಿ. ಇಂದು ಜಗತ್ತಿಗೆ ಪರಿಚಿತವಾದ ರೆಡ್‌ಕ್ರಾಸ್ ಸಂಸ್ಥೆ ಹುಟ್ಟುವುದಕ್ಕೆ ಶತಮಾನಗಳ ಮೊದಲು. ಕಮಿಲ್ಲಸರು ಮುಂದೆ ಗುರುದೀಕ್ಷೆ ಪಡೆದರು ನಿಜ, ಆದರೆ ವೈದ್ಯರಾಗಲಿಲ್ಲ. ಆದರೂ ಧರ್ಮಸಭೆ ಅವರನ್ನು ರೋಗಿಗಳ, ಆಸ್ಪತ್ರೆಗಳ ಹಾಗೂ ದಾದಿಯರ ಪಾಲಕ ಸಂತರನ್ನಾಗಿ ಗೌರವಿಸುತ್ತದೆ. ಪೆರುವಿನ ಲೀಮಾ ನಗರದ ಸಂತ ಮಾರ್ಟಿನ್ ದಿ ಪೋರಸರಂತೂ ಕ್ಷೌರಿಕರ ಬಳಿ ಕೆಲಸ ಕಲಿತು, ಆ ಕಾಲದ ಕ್ಷೌರಿಕರೇ ಮಾಡುತ್ತಿದ್ದ ಗಾಯದ ಚಿಕಿತ್ಸೆಯನ್ನು ಮಠದ ರೋಗಿಗಳಿಗೆ ಮಾಡಿದವರು.

ನಮ್ಮ ನೆಲದ ಉದಾಹರಣೆಗಳಿಗೆ ಬರೋಣ. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಗುರು ಫಾದರ್ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆಲದ ಮರದಡಿ ಹೋಮಿಯೋಪತಿ ಔಷಧದ ಪೆಟ್ಟಿಗೆಯಿಂದ ಕೆಲಸ ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಇಂದು ಅಲ್ಲಿ ಬೆಳೆದು ನಿಂತಿರುವ ಸಂಸ್ಥೆಯನ್ನು ಕರಾವಳಿಯವರಿಗೆ ಪರಿಚಯಿಸಬೇಕಾಗಿಲ್ಲ. ವೈದ್ಯಕೀಯ ಕಾಲೇಜು ಅಲ್ಲಿಗೆ ಬಂದದ್ದು 1999ರಲ್ಲಿ, ಅಂದರೆ ಮೊದಲ ಪುಡಿಯನ್ನು ಕಟ್ಟಿಕೊಟ್ಟು ಸುಮಾರು 120 ವರ್ಷಗಳ ಮೇಲೆ. ಅಷ್ಟು ವರ್ಷಗಳ ಕಾಲ ಆ ಸೇವೆಯನ್ನು ಹೊತ್ತವರಲ್ಲಿ ವೈದ್ಯರ ಜೊತೆಗೆ ಔಷಧ ಕಟ್ಟುವವರು, ಹುಣ್ಣು ತೊಳೆಯುವವರು, ಧರ್ಮಭಗಿನಿಯರು, ದಾದಿಯರು ಇದ್ದರು. ಆಂಧ್ರದ ಗುಂಟೂರಿನಲ್ಲಿ 1920ರಿಂದ ದುಡಿದ ಆಸ್ಟ್ರೇಲಿಯಾ ಮೂಲದ ವೈದ್ಯೆ, ಧರ್ಮಭಗಿನಿ ಮೇರಿ ಗ್ಲೌರಿ ಅವರದು ಇನ್ನೊಂದು ಉದಾಹರಣೆ. ಬರುವ ರೋಗಿಗಳ ಸಂಖ್ಯೆಗೆ ಒಬ್ಬ ವೈದ್ಯೆ ಸಾಲದೆಂದು ಕಂಡ ಅವರು ಸ್ಥಳೀಯ ಹೆಣ್ಣುಮಕ್ಕಳನ್ನೇ ದಾದಿಯರನ್ನಾಗಿ, ಸೂಲಗಿತ್ತಿಯರನ್ನಾಗಿ, ಔಷಧ ಕೊಡುವವರನ್ನಾಗಿ ತರಬೇತು ಮಾಡಿದರು. ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು 1943ರಲ್ಲಿ ಸ್ಥಾಪಿಸಿದವರೂ ಅವರೇ. ಸಹಾಯಕರಿಲ್ಲದ ವೈದ್ಯೆ ಒಂದು ದಿನಕ್ಕೆ ಎಷ್ಟು ಜನರನ್ನು ನೋಡಿಯಾರು ಎಂಬ ಸರಳ ಲೆಕ್ಕ ಅವರಿಗೆ ತಿಳಿದಿತ್ತು.

ಇನ್ನು ಲೌಕಿಕ ಲಾಭಗಳ ವಿಚಾರ. ವೈದ್ಯಶಿಕ್ಷಣಕ್ಕೆ ಐದೂವರೆ ವರ್ಷ, ಮೇಲೆ ಸ್ನಾತಕೋತ್ತರಕ್ಕೆ ಮೂರು ವರ್ಷ ಬೇಕು. ನೀಟ್ ಪರೀಕ್ಷೆಗಾಗಿ ಮನೆಯಲ್ಲಿ ಕುಳಿತು ಕಳೆಯುವ ಒಂದೆರಡು ವರ್ಷಗಳನ್ನು ಅದಕ್ಕೆ ಕೂಡಿಸಬೇಕು. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗಾಗಿ ತಂದೆಯ ಗಲ್ಫ್ ಉಳಿತಾಯವೂ ತಾಯಿಯ ಚಿನ್ನವೂ ತೋಟದ ಮೇಲಿನ ಸಾಲವೂ ಹೋದ ಮನೆಗಳು ಪ್ರತಿ ಧರ್ಮಕೇಂದ್ರದಲ್ಲಿಯೂ ಇವೆ. ಸಹಾಯಕ ವೃತ್ತಿಗಳಲ್ಲಿ ಡಿಪ್ಲೊಮಾ ಎರಡು ಮೂರು ವರ್ಷಗಳಲ್ಲಿ ಮುಗಿಯುತ್ತದೆ. ಪದವಿಯಾದರೆ ತರಬೇತಿಯೂ ಸೇರಿ ಸುಮಾರು ನಾಲ್ಕು ವರ್ಷ. ಇಪ್ಪತ್ತೊಂದು, ಇಪ್ಪತ್ತೆರಡನೆಯ ವಯಸ್ಸಿಗೆ ಮಕ್ಕಳು ಸ್ವಂತ ಕಾಲ ಮೇಲೆ ನಿಲ್ಲಬಹುದು. ಕೆಲಸಕ್ಕಾಗಿ ದೊಡ್ಡ ನಗರಕ್ಕೇ ಹೋಗಬೇಕೆಂದಿಲ್ಲ. ತಾಲೂಕು ಕೇಂದ್ರದಲ್ಲಿಯೂ ಪ್ರಯೋಗಾಲಯವಿದೆ, ಸ್ಕ್ಯಾನಿಂಗ್ ಕೇಂದ್ರವಿದೆ. ಮದುವೆ, ಹೆರಿಗೆಗಳ ಕಾರಣದಿಂದ ಕೆಲವು ವರ್ಷ ಬಿಟ್ಟ ಹೆಣ್ಣುಮಕ್ಕಳು ಪುನಃ ಕೆಲಸಕ್ಕೆ ಸೇರಲು ಈ ಕ್ಷೇತ್ರದಲ್ಲಿ ಇರುವಷ್ಟು ಅವಕಾಶ ಅನೇಕ ಕಚೇರಿ ಉದ್ಯೋಗಗಳಲ್ಲಿ ಇಲ್ಲ. ಡಿಪ್ಲೊಮಾದಿಂದ ಪದವಿಗೆ, ಪದವಿಯಿಂದ ಸ್ನಾತಕೋತ್ತರಕ್ಕೆ, ಅಲ್ಲಿಂದ ಬೋಧಕ ವೃತ್ತಿಗೆ ಏರಿದವರೂ ಇದ್ದಾರೆ.

ಬಹಳ ಕಾಲ ಈ ವೃತ್ತಿಗಳಿಗಿದ್ದ ದೊಡ್ಡ ಕೊರತೆ ಕಾನೂನಿನ ಆಧಾರ ಇಲ್ಲದಿರುವುದು. ವೈದ್ಯರಿಗೆ, ದಾದಿಯರಿಗೆ, ಫಾರ್ಮಸಿಸ್ಟರಿಗೆ ಪರಿಷತ್ತುಗಳಿದ್ದವು. ಉಳಿದವರಿಗೆ ರಾಷ್ಟ್ರಮಟ್ಟದಲ್ಲಿ ಯಾರೂ ಇರಲಿಲ್ಲ. 2021ರಲ್ಲಿ ಸಂಸತ್ತು ಸಹಾಯಕ ಹಾಗೂ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಅದರ ಪಟ್ಟಿಯಲ್ಲಿ 10 ವರ್ಗಗಳಲ್ಲಿ ಐವತ್ತಕ್ಕೂ ಹೆಚ್ಚು ವೃತ್ತಿಗಳಿವೆ; ವೈದ್ಯರ ಕೈಕೆಳಗೆ ನೇರವಾಗಿ ದುಡಿಯುವ ಫಿಸಿಶಿಯನ್ ಅಸೋಸಿಯೇಟ್ ವೃತ್ತಿಯೂ ಅದರಲ್ಲಿ ಸೇರಿದೆ. ಸಹಾಯಕ ವೃತ್ತಿಯವರೆನಿಸಿಕೊಳ್ಳಲು ಕನಿಷ್ಠ 2000 ಗಂಟೆಗಳ ವ್ಯಾಸಂಗ ಇರಬೇಕೆಂದು ಕಾಯಿದೆ ಹೇಳುತ್ತದೆ. ಆರೋಗ್ಯ ವೃತ್ತಿಯವರ ಪದವಿಗೆ 3600 ಗಂಟೆ. ತಂದೆತಾಯಂದಿರು ಈ ಅಂಕಿಯನ್ನು ನೆನಪಿಟ್ಟುಕೊಂಡರೆ ಆರು ತಿಂಗಳಲ್ಲಿ ಟೆಕ್ನೀಶಿಯನ್ ಮಾಡಿಬಿಡುತ್ತೇವೆಂದು ಬಸ್‌ಸ್ಟ್ಯಾಂಡಿನ ಗೋಡೆಗೆ ಭಿತ್ತಿಪತ್ರ ಅಂಟಿಸುವವರ ಬಲೆಗೆ ಬೀಳಬೇಕಾಗಿಲ್ಲ. ಸೇರುವ ಮೊದಲು ಕೇಳಬೇಕಾದ್ದು ಇಷ್ಟೇ: ಪರೀಕ್ಷೆ ನಡೆಸುವವರು ಯಾರು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೋ, ಮಾನ್ಯತೆಯುಳ್ಳ ಬೇರೆ ವಿಶ್ವವಿದ್ಯಾಲಯವೋ, ರಾಜ್ಯದ ಪ್ಯಾರಾ ಮೆಡಿಕಲ್ ಬೋರ್ಡೋ? ತರಬೇತಿ ಕೊಡುವ ಆಸ್ಪತ್ರೆ ಕಣ್ಣಿಗೆ ಕಾಣುವಂತೆ ಇದೆಯೋ, ಬಾಡಿಗೆ ಮಹಡಿಯಲ್ಲಿ ನಾಲ್ಕು ಬೆಂಚು ಮಾತ್ರವೋ? ಹೊಸ ಕಾಯಿದೆಯಂತೆ ನಿಯಮಗಳು ಬದಲಾಗುತ್ತಿರುವುದರಿಂದ ನೆರೆಮನೆಯವರ ಮಾತಿಗಿಂತ ಆಯಾ ವರ್ಷದ ಅಧಿಸೂಚನೆಯನ್ನು ನಂಬುವುದು ಕ್ಷೇಮ. ಹೊರದೇಶಕ್ಕೆ ಹೋಗುವ ಆಸೆಯುಳ್ಳವರಿಗೆ ಇದು ಇನ್ನೂ ಅಗತ್ಯ. ಕೊಲ್ಲಿ ದೇಶಗಳಲ್ಲಿ ಕೆಲಸಕ್ಕೆ ಮೊದಲು ಪ್ರಮಾಣಪತ್ರಗಳನ್ನು ಕೊಟ್ಟ ಸಂಸ್ಥೆಯಿಂದಲೇ ದೃಢಪಡಿಸಿಕೊಳ್ಳುತ್ತಾರೆ, ಪರವಾನಗಿ ಪರೀಕ್ಷೆಯನ್ನೂ ಇಡುತ್ತಾರೆ. ಅಲ್ಲಿ ಭಿತ್ತಿಪತ್ರದ ಸಂಸ್ಥೆ ಉತ್ತರ ಕೊಡಲು ಇರುವುದಿಲ್ಲ.

ಕಷ್ಟಗಳನ್ನೂ ಹೇಳಿಬಿಡಬೇಕು. ರಾತ್ರಿ ಪಾಳಿ ಇದೆ. ಹಬ್ಬದ ದಿನವೂ ಕೆಲಸವಿದೆ. ಕ್ರಿಸ್ಮಸ್ ರಾತ್ರಿಯ ಪೂಜೆಗೆ ಮನೆಮಂದಿಯೆಲ್ಲ ಹೋಗುವಾಗ ಮಗಳು ಸಮವಸ್ತ್ರ ತೊಟ್ಟು ಆಸ್ಪತ್ರೆಯ ಬಸ್ಸಿಗೆ ನಿಲ್ಲಬೇಕಾಗಬಹುದು. ರೋಗಿಗಳ ಆರೈಕೆಯಂಥ ಗಂಭೀರ ಕಾರಣವಿದ್ದಾಗ ಧರ್ಮಸಭೆ ಭಾನುವಾರದ ಪೂಜೆಯ ಕಡ್ಡಾಯದಿಂದ ವಿನಾಯಿತಿ ನೀಡುತ್ತದೆ, ಶನಿವಾರ ಸಂಜೆಯ ಪೂಜೆಯೂ ಇದೆ. ಆದುದರಿಂದ "ಪೂಜೆ ತಪ್ಪುತ್ತದೆ" ಎಂದು ಈ ವೃತ್ತಿಗಳಿಗೆ ಹಿಂಜರಿಯುವವರ ವಾದ ನಮಗೆ ಒಪ್ಪಿಗೆಯಾಗದು. ಸೂಜಿ ಚುಚ್ಚಿಕೊಳ್ಳುವ, ಸೋಂಕು ತಗಲುವ ಅಪಾಯವೂ ನಿಜವೇ. ಹೆಪಟೈಟಿಸ್-ಬಿ ಲಸಿಕೆಯನ್ನು ತರಬೇತಿಯ ಆರಂಭದಲ್ಲಿಯೇ ಹಾಕಿಸಿಕೊಳ್ಳಬೇಕು. ಮೊದಲ ಚುಚ್ಚುಮದ್ದಿನ ಬಳಿಕ 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ಎಕ್ಸ್‌ರೇ ವಿಭಾಗದವರು ಎದೆಯ ಮೇಲೆ ಧರಿಸುವ ಪುಟ್ಟ ಬಿಲ್ಲೆ ಅಲಂಕಾರಕ್ಕಲ್ಲ, ಮೈಗೆ ತಗಲಿದ ವಿಕಿರಣವನ್ನು ಅಳೆಯಲು. ಅದನ್ನು ಕೊಡದ ಜಾಗದಲ್ಲಿ ಕೆಲಸ ಒಪ್ಪಿಕೊಳ್ಳಬಾರದು.

ಎಲ್ಲಕ್ಕಿಂತ ದೊಡ್ಡ ಕಷ್ಟ ಸಂಬಳದ್ದು. ಇಲ್ಲಿ ನಾವು ನಮ್ಮವರಿಗೇ ಕೆಲವು ಮಾತು ಹೇಳಬೇಕಾಗಿದೆ. ಕ್ರೈಸ್ತ ಆಡಳಿತದ ಆಸ್ಪತ್ರೆಗಳಲ್ಲಿ ಸೇವೆ ಎಂಬ ಶಬ್ದ ಪವಿತ್ರವಾದದ್ದು. ಆದರೆ ಸಂಬಳದ ಮಾತು ಬಂದಾಗಲೂ ಅದೇ ಶಬ್ದವನ್ನು ಬಳಸಿದರೆ ಅದು ಅನ್ಯಾಯವಾಗುತ್ತದೆ. ಧರ್ಮಭಗಿನಿಯರು ಸಂಬಳವಿಲ್ಲದೆ ದುಡಿಯುವ ವ್ರತ ತೊಟ್ಟವರು. ಅವರ ವೃದ್ಧಾಪ್ಯವನ್ನು ಅವರ ಸಭೆ ನೋಡಿಕೊಳ್ಳುತ್ತದೆ. ಪ್ರಯೋಗಾಲಯದ ಹುಡುಗಿ ಅಂಥ ವ್ರತ ತೊಟ್ಟಿಲ್ಲ. ಅವಳಿಗೆ ತಂಗಿಯ ಕಾಲೇಜು ಶುಲ್ಕ ಕಟ್ಟಬೇಕು, ತಂದೆಯ ಔಷಧ ತರಬೇಕು. ಕೆಲಸಗಾರನೂ ಅವನ ಕುಟುಂಬವೂ ಮರ್ಯಾದೆಯಿಂದ ಬಾಳುವಷ್ಟು ಕೂಲಿ ಕೊಡುವುದು ದಾನವಲ್ಲ, ನ್ಯಾಯ ಎಂಬುದನ್ನು ಪೋಪ್ ಹದಿಮೂರನೆಯ ಲಿಯೋ ಅವರು 1891ರ ವಿಶ್ವಪತ್ರದಲ್ಲಿಯೇ ಬೋಧಿಸಿದ್ದಾರೆ. ಪೋಪ್ ಎರಡನೆಯ ಜಾನ್ ಪಾಲ್ ಅವರು 1981ರಲ್ಲಿ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲಿ ಅದನ್ನು ಇನ್ನಷ್ಟು ಬಿಡಿಸಿ ಹೇಳಿದ್ದಾರೆ. ಸರ್ವೋಚ್ಚ ನ್ಯಾಯಾಲಯದ ಸೂಚನೆಯಂತೆ 2016ರಲ್ಲಿ ನೇಮಕವಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ದಾದಿಯರಿಗೆ ಸರ್ಕಾರಿ ದಾದಿಯರ ಸಮಾನ ಸಂಬಳ ಕೊಡಬೇಕೆಂದೂ, ತೀರ ಚಿಕ್ಕ ಆಸ್ಪತ್ರೆಗಳಲ್ಲಿಯೂ ಅದು ತಿಂಗಳಿಗೆ 20,000 ರೂಪಾಯಿಗಿಂತ ಕಡಮೆ ಇರಬಾರದೆಂದೂ ಶಿಫಾರಸು ಮಾಡಿತು. ಆ ಶಿಫಾರಸು ದಾದಿಯರಿಗೆ ಮಾತ್ರ ಸಂಬಂಧಿಸಿದ್ದು. ಆದರೆ ಅದೇ ವಾರ್ಡಿನಲ್ಲಿ ಅದೇ ರಾತ್ರಿ ದುಡಿಯುವ ಟೆಕ್ನೀಶಿಯನ್ನರಿಗೆ ಬೇರೆ ನ್ಯಾಯ ಯಾಕಿರಬೇಕು?

ಹಳ್ಳಿಯ ಮೂಲೆಯಲ್ಲಿ ಬಡವರಿಂದ ಅರ್ಧ ಬಿಲ್ಲು ಪಡೆದು ನಡೆಯುವ ಚಿಕ್ಕ ಮಿಷನ್ ಆಸ್ಪತ್ರೆಗಳ ಬವಣೆಯನ್ನು ನಾವು ಬಲ್ಲೆವು. ಅವುಗಳ ಮೇಲೆ ಕಲ್ಲೆಸೆಯುವುದು ನಮ್ಮ ಉದ್ದೇಶವಲ್ಲ. ಹೊಸ ಕಟ್ಟಡಗಳಿಗೂ ಅಮೃತಶಿಲೆಯ ಹಜಾರಗಳಿಗೂ ಹಣ ಹೊಂದಿಸಬಲ್ಲ ಸಂಸ್ಥೆಗಳ ವಿಚಾರದಲ್ಲಿ ಮಾತ್ರ ನಮ್ಮ ಪ್ರಶ್ನೆ ಉಳಿಯುತ್ತದೆ. ಆಡಳಿತ ಮಂಡಳಿಗಳಲ್ಲಿ ನಮ್ಮ ಗೃಹಸ್ಥ ಬಂಧುಗಳೂ ಇದ್ದಾರೆ. ಅವರು ಆ ಪ್ರಶ್ನೆಯನ್ನು ಸಭೆಯಲ್ಲಿ ಎತ್ತಲಿ. ಈ ಸಂಬಳದ ಭಯದಿಂದಲೇ ತಂದೆತಾಯಿ ಮಕ್ಕಳನ್ನು ಈ ವೃತ್ತಿಗೆ ಕಳುಹಿಸುತ್ತಿಲ್ಲ; ಬಂದವರೂ ಎರಡು ವರ್ಷ ಅನುಭವ ಪಡೆದು ಕೊಲ್ಲಿ ದೇಶಕ್ಕೆ ವಿಮಾನ ಹತ್ತುತ್ತಾರೆ. ಹೋಗುವವರನ್ನು ತಪ್ಪೆನ್ನಲು ನಮಗೆ ಯಾವ ಅಧಿಕಾರವೂ ಇಲ್ಲ.

ಗಂಡುಮಕ್ಕಳ ವಿಚಾರವಾಗಿಯೂ ಒಂದು ಮಾತು. ರೋಗಿಯನ್ನು ಮುಟ್ಟುವ ಕೆಲಸವೆಲ್ಲ ಹೆಂಗಸರದು ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಹುಡುಗರು ಹಡಗಿಗೋ ಹೋಟೆಲಿಗೋ ಹೋಗಬಹುದು, ಎಂಟು ತಿಂಗಳು ಸಮುದ್ರದಲ್ಲಿ ತಟ್ಟೆ ತೊಳೆಯಬಹುದು, ಆದರೆ ಆಸ್ಪತ್ರೆಯಲ್ಲಿ ಮುದುಕರನ್ನು ಎತ್ತಿ ಕೂರಿಸುವುದು ಹೇಗೋ ಕಡಮೆಯ ಕೆಲಸ. ಹಡಗಿನ ದುಡಿಮೆಯನ್ನು ನಾವು ಹೀಗಳೆಯುತ್ತಿಲ್ಲ. ಅದು ಎಷ್ಟೋ ಮನೆಗಳಿಗೆ ತಾರಸಿ ಹಾಕಿಸಿದೆ. ಆದರೆ ಎಂಬತ್ತು ಕಿಲೋ ತೂಕದ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸಲು, ಗಂಡಸರ ವಾರ್ಡಿನಲ್ಲಿ ಸಂಕೋಚವಿಲ್ಲದೆ ಆರೈಕೆ ಮಾಡಲು, ಅಪಘಾತದ ಸ್ಥಳದಿಂದ ಗಾಯಾಳುವನ್ನು ಸ್ಟ್ರೆಚರಿಗೆ ಏರಿಸಲು ತರಬೇತಾದ ಗಂಡಸರೂ ಬೇಕು. ಕಮಿಲ್ಲಸರು ಆರಡಿ ಮೀರಿದ ಆಳು, ಹಳೆಯ ಸೈನಿಕರು. ಅವರಿಗೆ ಈ ಕೆಲಸ ಹೆಂಗಸರದ್ದೆಂದು ತೋರಲಿಲ್ಲ.

ಇದೇ ಮಾತು ನಮ್ಮನ್ನು ನಮ್ಮ ಮನೆಗಳಿಗೇ ತರುತ್ತದೆ. ಕರಾವಳಿಯ ಅನೇಕ ವಾಳೆಗಳಲ್ಲಿ ಇಂದು ದೊಡ್ಡ ಮನೆ, ಒಳಗೆ ಇಬ್ಬರು ಮುದುಕರು, ಕೆಲವೆಡೆ ಒಬ್ಬರೇ. ಮಕ್ಕಳು ದುಬೈ, ದೋಹಾ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ. ಪ್ರತಿದಿನ ಇನ್ಸುಲಿನ್ ಚುಚ್ಚಿಕೊಡುವವರಿಲ್ಲ, ಮೂತ್ರದ ನಳಿಕೆ ಬದಲಿಸುವವರಿಲ್ಲ, ಪಾರ್ಶ್ವವಾಯುವಿನ ಬಳಿಕ ಕೈಕಾಲಿಗೆ ವ್ಯಾಯಾಮ ಮಾಡಿಸುವವರಿಲ್ಲ. ಹಣವಿದೆ, ಆಳಿಲ್ಲ. ಹೋಮ್ ನರ್ಸ್ ಬೇಕೆಂದು ಏಜೆನ್ಸಿಗೆ ಫೋನ್ ಮಾಡಿದರೆ ಯಾವ ತರಬೇತಿಯೂ ಇಲ್ಲದ ಹುಡುಗಿಯನ್ನು ಕಳುಹಿಸುತ್ತಾರೆ. ಅವಳು ಎರಡು ತಿಂಗಳಲ್ಲಿ ಬಿಟ್ಟುಹೋಗುತ್ತಾಳೆ. ಅವಳನ್ನು ಮನೆಗೆಲಸದವಳಂತೆ ನಡೆಸಿಕೊಂಡರೆ ಇನ್ನೇನಾದೀತು? ಬಟ್ಟೆ ಒಗೆಯುವುದು, ಅಡುಗೆ, ನಾಯಿಗೆ ಅನ್ನ ಹಾಕುವುದು, ಎಲ್ಲವೂ ಅವಳ ತಲೆಯ ಮೇಲೆ. ಗೃಹ ಆರೈಕೆಯ ಸಹಾಯಕರಿಗೂ ಸರ್ಕಾರಿ ಮಾನ್ಯತೆಯ ಅಲ್ಪಾವಧಿ ತರಬೇತಿಗಳಿವೆ. ಟೆಕ್ನೀಶಿಯನ್ ಡಿಪ್ಲೊಮಾಕ್ಕೆ ಇವು ಸಮವಲ್ಲ, ಆ ಹೆಸರಿನಲ್ಲಿ ಮಾರಲೂ ಬಾರದು. ಆದರೆ ಮಧ್ಯದಲ್ಲಿ ಓದು ಬಿಟ್ಟ ತರುಣ ತರುಣಿಯರಿಗೆ, ಮಕ್ಕಳು ದೊಡ್ಡವರಾದ ತಾಯಂದಿರಿಗೆ ಇದು ಸ್ವಂತ ಊರಿನಲ್ಲಿಯೇ ಗೌರವದ ಗಳಿಕೆಯಾಗಬಲ್ಲದು. ಒಂದು ಧರ್ಮಕೇಂದ್ರದಲ್ಲಿ ಇಂಥ ಐದಾರು ಮಂದಿ ತರಬೇತಾದವರಿದ್ದು, ಅವರಿಗೆ ಕೆಲಸದ ಹೊತ್ತು, ಸಂಬಳ, ವಾರದ ರಜೆಗಳನ್ನು ಬರೆದು ನಿಗದಿಪಡಿಸಿದರೆ ಎಷ್ಟೋ ಮನೆಗಳ ಚಿಂತೆ ಹಗುರವಾದೀತು.

ವರ್ಷಕ್ಕೊಮ್ಮೆ, ಫೆಬ್ರವರಿ 11ರಂದು, ಲೂರ್ದ್ ಮಾತೆಯ ಹಬ್ಬದ ದಿನ ನಾವು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತೇವೆ. ಪೋಪ್ ಎರಡನೆಯ ಜಾನ್ ಪಾಲ್ ಅವರು 1992ರಲ್ಲಿ ಘೋಷಿಸಿದ ಈ ದಿನ 1993ರಿಂದ ನಡೆದುಬಂದಿದೆ. ಅಂದು ರೋಗಿಗಳಿಗೆ ಅಭ್ಯಂಗ ಸಂಸ್ಕಾರ ನೀಡುತ್ತೇವೆ, ವೈದ್ಯರಿಗೆ ಶಾಲು ಹೊದಿಸುತ್ತೇವೆ. ಅದೇ ವೇದಿಕೆಗೆ ಧರ್ಮಕೇಂದ್ರದ ಲ್ಯಾಬ್ ಟೆಕ್ನೀಶಿಯನ್ನರನ್ನೂ ಆಂಬ್ಯುಲೆನ್ಸ್ ಸಿಬ್ಬಂದಿಯನ್ನೂ ವಾರ್ಡ್ ಸಹಾಯಕರನ್ನೂ ಕರೆಯಲು ಹೆಚ್ಚು ಖರ್ಚಿಲ್ಲ. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಪ್ರತಿವರ್ಷ ಪುಸ್ತಕ, ಸಮವಸ್ತ್ರಗಳಿಗೆ ಕೊಡುವ ನೆರವಿನಲ್ಲಿ ಒಂದು ಪಾಲನ್ನು ಇಂಥ ಡಿಪ್ಲೊಮಾ ವಿದ್ಯಾರ್ಥಿಗಳ ಶುಲ್ಕಕ್ಕೆ ಮೀಸಲಿಡಬಹುದು. ಎಂಬಿಬಿಎಸ್ ಶುಲ್ಕಕ್ಕೆ ನಮ್ಮ ನೆರವು ಸಮುದ್ರಕ್ಕೆ ಹನಿ, ಇಲ್ಲಿ ಅದು ಒಂದು ವರ್ಷವನ್ನೇ ದಾಟಿಸೀತು.

ಬೇಸಿಗೆ ರಜೆಯಲ್ಲಿ ಧರ್ಮಕೇಂದ್ರಗಳಲ್ಲಿ ನಡೆಯುವ ವೃತ್ತಿ ಮಾರ್ಗದರ್ಶನ ಶಿಬಿರಗಳಿಗೆ ನಾವು ಇಂಜಿನಿಯರರನ್ನು, ಬ್ಯಾಂಕ್ ಅಧಿಕಾರಿಗಳನ್ನು, ಕೋಚಿಂಗ್ ಸಂಸ್ಥೆಯವರನ್ನು ಕರೆಯುತ್ತೇವೆ. ಮುಂದಿನ ಶಿಬಿರಕ್ಕೆ ನಮ್ಮದೇ ಧರ್ಮಕೇಂದ್ರದ ಒಬ್ಬ ಡಯಾಲಿಸಿಸ್ ಟೆಕ್ನೀಶಿಯನ್ನರನ್ನು ಕರೆದು ಒಂದು ಗಂಟೆ ಮಾತನಾಡಿಸೋಣ. ಸಂಬಳ ಎಷ್ಟು, ಪಾಳಿ ಹೇಗೆ, ಮೊದಲ ರೋಗಿ ಕಣ್ಣೆದುರೇ ತೀರಿಕೊಂಡ ದಿನ ಏನಾಯಿತು, ಈ ಕೆಲಸವನ್ನು ಇನ್ನೊಮ್ಮೆ ಆರಿಸಿಕೊಳ್ಳುತ್ತೀರಾ ಎಂದು ಮಕ್ಕಳೇ ಕೇಳಲಿ. ಅವರಿಗೆ ಭಾನುವಾರ ಬೆಳಗಿನ ಪಾಳಿ ಇದ್ದರೆ ಶಿಬಿರವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಹುದು.